ಅಡ್ವಾನ್ಸ್ಡ್ ಇಂಗ್ಲಿಷ್ ಪರೀಕ್ಷೆಗೆ ಸೆಟ್ ಫ್ರೇಸ್ ಕಲಿಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೇಂಬ್ರಿಜ್‌ನ ಸಿ1 ಅಡ್ವಾನ್ಸ್ಡ್, ಸಿ2 ಪ್ರೊಫಿಷಿಯೆನ್ಸಿ (ಎ1ರಿಂದ ಸಿ2ರವರೆಗಿನ ಮಟ್ಟಗಳಲ್ಲಿ ಮೇಲಿನ ಎರಡು), ಐಇಎಲ್‌ಟಿಎಸ್ ತರಹದ ಇಂಗ್ಲಿಷ್ ಪರೀಕ್ಷೆಗೆ ಓದುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ವ್ಯಾಕರಣ ಗೊತ್ತು, ಪದಗಳೂ ಗೊತ್ತು, ಆದರೂ ಬರೆದದ್ದು ಯಾಕೋ ಇಂಗ್ಲಿಷಿನ ಹಾಗೆ ಕೇಳಿಸುವುದಿಲ್ಲ ಅನ್ನುವವರಿಗೆ ಇದು ಜಾಸ್ತಿ ಉಪಯೋಗ. ಇಂಗ್ಲಿಷ್ ನುಡಿಗಟ್ಟುಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಬಾಯಿಬಿಟ್ಟು ಓದಿದರೆ ಗುರುತು ಸಿಗುತ್ತದೆ.

ಸೆಟ್ ಫ್ರೇಸ್ ಅಂದರೆ ಈಡಿಯಮ್ ತಾನೇ?

ಒಟ್ಟಿಗೇ ಬಂದು ರೂಢಿಯಾದ ಪದಗಳ ಗುಂಪೆಲ್ಲ ಸೆಟ್ ಫ್ರೇಸ್, ಅಂದರೆ ನುಡಿಗಟ್ಟು. ಪದಗಳ ನೇರ ಅರ್ಥ ಬಿಟ್ಟು ಬೇರೆಯದನ್ನೇ ಹೇಳುವ ಈಡಿಯಮ್ ಅದರಲ್ಲಿ ಒಂದು ಬಗೆ, ಅಷ್ಟೇ. ಅದೂ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಕೆಲಸಕ್ಕೆ ಬರುವ ಬಗೆ.

ಕನ್ನಡದಲ್ಲೇ ನೋಡಿ. ಹರಟೆ ಹೊಡೆಯುತ್ತೇವೆ, ಮಾತು ಆಡುತ್ತೇವೆ, ಸುಳ್ಳು ಹೇಳುತ್ತೇವೆ. ಮಾತು ಹೊಡೆಯುವುದಿಲ್ಲ, ಸುಳ್ಳು ಮಾಡುವುದಿಲ್ಲ. ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ. ಈ ಪದಕ್ಕೆ ಆ ಪದ ಜೊತೆ, ಅಷ್ಟೇ. ಇಂಗ್ಲಿಷಿನಲ್ಲೂ ಹಾಗೇ: 'ಹೆವಿ ರೇನ್', 'ಪೋಸ್ ಎ ಥ್ರೆಟ್', 'ರೀಚ್ ಎ ಕಾಂಪ್ರಮೈಸ್'. 'ಸ್ಟ್ರಾಂಗ್ ರೇನ್' ಅಂದರೂ ಅರ್ಥ ಆಗುತ್ತದೆ, ಆದರೆ ಕಿವಿಗೆ ಒಗ್ಗುವುದಿಲ್ಲ. ಇಂಥ ಜೋಡಿಗಳಿಗೆ ಕೊಲೊಕೇಶನ್ ಅನ್ನುತ್ತಾರೆ. ಅಡ್ವಾನ್ಸ್ಡ್ ಮಟ್ಟದಲ್ಲಿ ನಿಮ್ಮ ಸಮಯದ ದೊಡ್ಡ ಪಾಲು ಇವಕ್ಕೇ ಹೋಗಬೇಕು.

ಇನ್ನು ಕೆಲವು ಪ್ರೆಪೊಸಿಷನ್ ಅಂಟಿಸಿಕೊಂಡೇ ಬರುತ್ತವೆ: 'ಅಟ್ ಆಡ್ಸ್ ವಿತ್', 'ಇನ್ ಕೀಪಿಂಗ್ ವಿತ್', 'ಆನ್ ದ ಗ್ರೌಂಡ್ಸ್ ದಟ್'. ಕೆಲವು ವಾಕ್ಯದ ಚೌಕಟ್ಟುಗಳು: 'ನೋ ಸೂನರ್ ಹ್ಯಾಡ್ ಐ... ದ್ಯಾನ್', 'ಇಟ್ಸ್ ಹೈ ಟೈಮ್', 'ನಾಟ್ ಸೋ ಮಚ್... ಆ್ಯಸ್'. ಕೆಲವು ಒಂದು ಮಾತಿನಿಂದ ಇನ್ನೊಂದಕ್ಕೆ ದಾಟಿಸುತ್ತವೆ: 'ದಟ್ ಸೆಡ್', 'ಬೈ ದ ಸೇಮ್ ಟೋಕನ್'. ಇವೆಲ್ಲ ಸೆಟ್ ಫ್ರೇಸ್‌ಗಳೇ. ಬೆಕ್ಕು ನಾಯಿ ಮಳೆ ಸುರಿಯುವ ಈಡಿಯಮ್‌ಗಳು ಸಾಲಿನ ಕೊನೆಯಲ್ಲಿ ನಿಲ್ಲಲಿ.

ಪರೀಕ್ಷೆಯಲ್ಲಿ ಇವನ್ನು ಎಲ್ಲಿ ಕೇಳುತ್ತಾರೆ?

ಕೇಂಬ್ರಿಜ್‌ನ ಸಿ1 ಅಡ್ವಾನ್ಸ್ಡ್‌ನಲ್ಲಿ 'ರೀಡಿಂಗ್ ಆ್ಯಂಡ್ ಯೂಸ್ ಆಫ್ ಇಂಗ್ಲಿಷ್' ಅನ್ನುವ ಪೇಪರ್ ಇದೆ. 90 ನಿಮಿಷ, 8 ಭಾಗ, 56 ಪ್ರಶ್ನೆ. ಇದರ ಮೊದಲ 4 ಭಾಗಗಳಲ್ಲಿ 3 ಭಾಗ ಬಹುಪಾಲು ನುಡಿಗಟ್ಟುಗಳ ಮೇಲೇ ನಿಂತಿವೆ.

ಭಾಗ 1ರಲ್ಲಿ ಬಿಟ್ಟ ಜಾಗಕ್ಕೆ 4 ಆಯ್ಕೆ ಕೊಡುತ್ತಾರೆ. ನಾಲ್ಕರ ಅರ್ಥವೂ ಹೆಚ್ಚುಕಡಿಮೆ ಒಂದೇ. ಅರ್ಥ ನೋಡಿ ಆರಿಸಲು ಹೋದರೆ ಸಿಕ್ಕಿಕೊಳ್ಳುತ್ತೀರಿ. ಪಕ್ಕದ ಪದ ಯಾವುದನ್ನು ಒಪ್ಪುತ್ತದೆ ಅನ್ನುವುದೇ ಅಲ್ಲಿ ಲೆಕ್ಕ.

ಭಾಗ 2ರಲ್ಲಿ ಆಯ್ಕೆಯೂ ಇಲ್ಲ. ಒಂದು ಜಾಗಕ್ಕೆ ಒಂದೇ ಪದ, ನೀವೇ ತುಂಬಬೇಕು. 'ಹಿ ಕಾಂಟ್ ಬಾಯ್ಲ್ ಆ್ಯನ್ ಎಗ್, ______ ಅಲೋನ್ ಕುಕ್ ಎ ಮೀಲ್' ಅಂತ ಇದ್ದರೆ ಉತ್ತರ 'ಲೆಟ್'. 'ಲೆಟ್ ಅಲೋನ್' ಒಟ್ಟಾಗಿ ಗೊತ್ತಿಲ್ಲದವರಿಗೆ ಎಷ್ಟು ಯೋಚಿಸಿದರೂ ಅದು ಹೊಳೆಯುವುದಿಲ್ಲ.

ಭಾಗ 4 ಎಲ್ಲರಿಗೂ ಭಯ. ಒಂದು ವಾಕ್ಯ ಕೊಟ್ಟು, ಅದೇ ಅರ್ಥ ಬರುವಂತೆ ಇನ್ನೊಂದನ್ನು ಪೂರ್ತಿ ಮಾಡಿ ಅನ್ನುತ್ತಾರೆ. ಕೊಟ್ಟ ಪದವನ್ನು ಬದಲಿಸದೆ ಬಳಸಬೇಕು. ಆ ಪದವೂ ಸೇರಿ 3ರಿಂದ 6 ಪದ. ಸಿ2ರಲ್ಲಾದರೆ 3ರಿಂದ 8. ಉದಾಹರಣೆಗೆ, 'ಐ ಡಿಡ್ ನಾಟ್ ಎಕ್ಸ್‌ಪೆಕ್ಟ್ ಹರ್ ಟು ರಿಸೈನ್' ಎಂಬ ವಾಕ್ಯ. ಕೊಟ್ಟ ಪದ 'ಸರ್ಪ್ರೈಸ್'. ಎರಡನೆಯ ವಾಕ್ಯ 'ಹರ್ ರೆಸಿಗ್ನೇಶನ್ ______' ಅಂತ ಶುರುವಾಗುತ್ತದೆ. ಉತ್ತರ 'ಕೇಮ್ ಆ್ಯಸ್ ಎ ಸರ್ಪ್ರೈಸ್ ಟು ಮಿ'. ಸರಿಯಾಗಿ 6 ಪದ. ಇಲ್ಲಿ 'ಸರ್ಪ್ರೈಸ್' ಪದದ ಅರ್ಥ ಗೊತ್ತಿದ್ದರೆ ಸಾಲದು. ಅದು 'ಕಮ್ ಆ್ಯಸ್' ಜೊತೆ ಬರುತ್ತದೆ, ಮಧ್ಯೆ 'ಎ' ಬೇಕು, ಕೊನೆಗೆ 'ಟು' ಬೇಕು, 'ಫಾರ್' ಆಗುವುದಿಲ್ಲ. ಇಂಥ ಪ್ರತಿ ಉತ್ತರಕ್ಕೆ 2 ಅಂಕದವರೆಗೆ ಇರುತ್ತದೆ. ಅರ್ಧ ಸರಿಯಿದ್ದರೆ 1 ಸಿಗುತ್ತದೆ, ಹಾಗಾಗಿ ಪೂರ್ತಿ ಗೊತ್ತಿಲ್ಲದಿದ್ದರೂ ಖಾಲಿ ಬಿಡಬೇಡಿ.

ಐಇಎಲ್‌ಟಿಎಸ್‌ನಲ್ಲಿ ಇಂಥ ಬಿಡಿ ಪ್ರಶ್ನೆಗಳಿಲ್ಲ. ಆದರೆ ರೈಟಿಂಗ್ ಮತ್ತು ಸ್ಪೀಕಿಂಗ್ ಎರಡರಲ್ಲೂ 'ಲೆಕ್ಸಿಕಲ್ ರಿಸೋರ್ಸ್', ಅಂದರೆ ಪದಸಂಪತ್ತು, ನಾಲ್ಕು ಅಳತೆಗಳಲ್ಲಿ ಒಂದು. ನಾಲ್ಕಕ್ಕೂ ಸಮ ತೂಕ, ಅಂದರೆ ಅಂಕದ ಕಾಲು ಭಾಗ ಇದರದ್ದು. ಇಲ್ಲಿ ಅಂಕವನ್ನು 9ರವರೆಗಿನ ಬ್ಯಾಂಡ್‌ಗಳಲ್ಲಿ ಕೊಡುತ್ತಾರೆ; ಬ್ಯಾಂಡ್ 7ರ ವಿವರಣೆಯಲ್ಲಿ ಕೊಲೊಕೇಶನ್ ಎಂಬ ಪದವೇ ಬರುತ್ತದೆ.

ಒಟ್ಟು ಎಷ್ಟು ಕಲಿಯಬೇಕು? ಅಧಿಕೃತ ಪಟ್ಟಿ ಇದೆಯಾ?

ಈ ಮಟ್ಟಕ್ಕೆ ಪಟ್ಟಿ ಇಲ್ಲ. ಕೇಂಬ್ರಿಜ್‌ನವರು ಎ2, ಬಿ1 ಪರೀಕ್ಷೆಗಳಿಗೆ ಪದಪಟ್ಟಿ ಪ್ರಕಟಿಸುತ್ತಾರೆ. ಸಿ1, ಸಿ2ಕ್ಕೆ ಹಾಗೆ ಮಾಡುವುದಿಲ್ಲ. ಯಾವ ನುಡಿಗಟ್ಟು ಯಾವ ಮಟ್ಟದ್ದು ಅಂತ ತಿಳಿಯಬೇಕಿದ್ದರೆ ಅವರದೇ 'ಇಂಗ್ಲಿಷ್ ವೊಕ್ಯಾಬುಲರಿ ಪ್ರೊಫೈಲ್' ನೋಡಬಹುದು. ಪದ ಕೊಟ್ಟರೆ ಅದರ ಒಂದೊಂದು ಅರ್ಥಕ್ಕೂ, ಅದರಿಂದಾದ ನುಡಿಗಟ್ಟುಗಳಿಗೂ ಎ1ರಿಂದ ಸಿ2ರವರೆಗೆ ಮಟ್ಟ ತೋರಿಸುತ್ತದೆ. ಸುಮ್ನೆ ಕುತೂಹಲಕ್ಕಾದರೂ ಒಮ್ಮೆ ನೋಡಿ. ಸುಲಭ ಅಂದುಕೊಂಡ 'ಟೇಕ್', 'ಪಾಯಿಂಟ್', 'ಗ್ರೌಂಡ್' ತರಹದ ಪದಗಳಿಂದಲೇ ಸಿ ಮಟ್ಟದ ನುಡಿಗಟ್ಟುಗಳು ಎಷ್ಟೊಂದು ಹುಟ್ಟಿವೆ ಅನ್ನುವುದು ಕಾಣುತ್ತದೆ.

ಎಷ್ಟು ಅಂತ ಕೇಳಿದರೆ ನನ್ನ ಲೆಕ್ಕ ಇದು: ವಾರಕ್ಕೆ ಹತ್ತರ ಒಳಗೆ. ಯೋಚಿಸದೆ ಬಾಯಿಗೆ ಬರುವಷ್ಟು ಹತ್ತಿರವಾದ ಒಂದು, ಓದಿ 'ಹೌದು ಗೊತ್ತು' ಅಂತ ತಲೆಯಾಡಿಸುವ ಇಪ್ಪತ್ತಕ್ಕಿಂತ ಮೇಲು. ಓದುವಾಗ ಗುರುತಿಸುವುದು ಬೇರೆ, ಬರೆಯುವಾಗ ಕೈಗೆ ಸಿಗುವುದು ಬೇರೆ ಅಲ್ವಾ?

'ಬ್ಯಾಂಡ್ 9ಕ್ಕೆ 100 ಫ್ರೇಸ್' ಅನ್ನುವ ಪಟ್ಟಿಗಳನ್ನು ಉರು ಹೊಡೆದರೆ ಆಗಲ್ವಾ?

ಆಗುವುದಿಲ್ಲ. ಎಷ್ಟೋ ಸಲ ತಿರುಗಿ ಬಡಿಯುತ್ತದೆ.

ಐಇಎಲ್‌ಟಿಎಸ್ ರೈಟಿಂಗ್‌ನ ಬ್ಯಾಂಡ್ ವಿವರಣೆ ಎಲ್ಲರಿಗೂ ಸಿಗುತ್ತದೆ, ಅದನ್ನು ಓದಿ ನೋಡಿ. ಬ್ಯಾಂಡ್ 6ರಲ್ಲಿ ವಾಕ್ಯಗಳ ಜೋಡಣೆ ಯಾಂತ್ರಿಕವಾಗಿ ಇರಬಹುದು ಎಂಬ ಮಾತಿದೆ. ಬ್ಯಾಂಡ್ 9ಕ್ಕೆ ಬಹುಕಾಲ ಇದ್ದ ವಿವರಣೆಯೆಂದರೆ, ಜೋಡಣೆ ಗಮನವನ್ನೇ ಸೆಳೆಯಬಾರದು. ಈ ಪಟ್ಟಿಗಳು ಮಾಡುವುದು ಇದರ ಉಲ್ಟಾ. ಪ್ರತಿ ಪ್ಯಾರಾದ ತಲೆಯಲ್ಲಿ 'ಫರ್ದರ್‌ಮೋರ್', 'ಮೋರೋವರ್', 'ಇನ್ ಎ ನಟ್‌ಶೆಲ್' ಅಂತ ಬೋರ್ಡ್ ನೆಟ್ಟಂತೆ ನಿಲ್ಲಿಸುತ್ತವೆ. ಸಾವಿರಾರು ಪ್ರಬಂಧ ಓದಿದ ಪರೀಕ್ಷಕರಿಗೆ 'ಇನ್ ದಿಸ್ ಡೇ ಆ್ಯಂಡ್ ಏಜ್' ಅಂತ ಶುರುವಾದ ಮೊದಲ ಸಾಲಿನಲ್ಲೇ ಉಳಿದದ್ದು ಹೇಗಿರುತ್ತದೆ ಅಂತ ಅಂದಾಜು ಸಿಕ್ಕಿಬಿಡುತ್ತದೆ.

ಇನ್ನೊಂದು ತೊಂದರೆ. ಪಟ್ಟಿಗಳು ನುಡಿಗಟ್ಟನ್ನು ಕೊಡುತ್ತವೆ, ಅದು ಎಲ್ಲಿ ಕೂರುತ್ತದೆ ಅಂತ ಹೇಳುವುದಿಲ್ಲ. 'ಆನ್ ದ ಕಾಂಟ್ರರಿ' ತೆಗೆದುಕೊಳ್ಳಿ. 'ಇನ್ನೊಂದು ಕಡೆ ನೋಡಿದರೆ' ಅಂತ ಅರ್ಥ ಬರೆದಿರುತ್ತಾರೆ. ಹಾಗಲ್ಲ. ಈಗ ತಾನೇ ಹೇಳಿದ ಮಾತು ಸುಳ್ಳು, ನಿಜ ಅದಕ್ಕೆ ವಿರುದ್ಧ ಅನ್ನುವಾಗ ಅದು ಬರಬೇಕು. ಎರಡು ಬದಿಯನ್ನು ಪಕ್ಕಪಕ್ಕ ಇಟ್ಟು ನೋಡಲು 'ಆನ್ ದ ಅದರ್ ಹ್ಯಾಂಡ್' ಇದೆ. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ನಿಮ್ಮ ವಾದವೇ ತಲೆಕೆಳಗಾಗುತ್ತದೆ. 'ಅಟ್ ಲಾಸ್ಟ್' ಕಥೆಯೂ ಇದೇ. 'ಅಬ್ಬಾ, ಕೊನೆಗೂ ಆಯ್ತು' ಅನ್ನುವ ನಿಟ್ಟುಸಿರು ಅದರಲ್ಲಿದೆ. ಪ್ರಬಂಧದ ಕೊನೆಯ ಅಂಶಕ್ಕೆ ಅದನ್ನು ಹಾಕಿದರೆ ಬರೆದು ಬರೆದು ನಿಮಗೇ ಸಾಕಾಯಿತು ಅಂದ ಹಾಗೆ ಕೇಳುತ್ತದೆ.

ಹಾಗಾದರೆ ನೋಟ್‌ಬುಕ್ಕಿನಲ್ಲಿ ಹೇಗೆ ಬರೆದುಕೊಳ್ಳಬೇಕು?

ಕಲಿಕೆಯ ಮುಕ್ಕಾಲು ಭಾಗ ಇಲ್ಲೇ ಇದೆ ಅಂತ ನನ್ನ ನಂಬಿಕೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನುಡಿಗಟ್ಟು, ಪಕ್ಕದಲ್ಲಿ ಅರ್ಥ, ಇಷ್ಟನ್ನೇ ಬರೆದುಕೊಂಡರೆ ಅದು ಪರೀಕ್ಷೆಯಲ್ಲಿ ಕೈ ಕೊಡುತ್ತದೆ. ಬರೆಯಬೇಕಾದ್ದು ಇಡೀ ವಾಕ್ಯ. ನೀವು ಅದನ್ನು ಎಲ್ಲಿ ಓದಿದಿರೋ ಆ ವಾಕ್ಯವನ್ನೇ ಇಳಿಸಿಕೊಳ್ಳಿ. ಅದರ ಕೆಳಗೆ ನಿಮ್ಮದೇ ಒಂದು ವಾಕ್ಯ. ಆಮೇಲೆ ಮೂರು ವಿಷಯ ಗಮನಿಸಿ.

ಮೊದಲನೆಯದು, ಅದಾದಮೇಲೆ ಏನು ಬರುತ್ತದೆ. 'ವಿತ್ ಎ ವ್ಯೂ ಟು' ಅಂದರೆ 'ಆ ಉದ್ದೇಶದಿಂದ'. ಇಲ್ಲಿನ 'ಟು' ನೋಡಿ ಎಲ್ಲರೂ 'ವಿತ್ ಎ ವ್ಯೂ ಟು ರೆಡ್ಯೂಸ್' ಅಂತ ಬರೆಯುತ್ತಾರೆ. ಸರಿಯಾದದ್ದು 'ವಿತ್ ಎ ವ್ಯೂ ಟು ರೆಡ್ಯೂಸಿಂಗ್'. 'ಬಿ ಕಮಿಟೆಡ್ ಟು', 'ಕಮ್ ಕ್ಲೋಸ್ ಟು', 'ವೆನ್ ಇಟ್ ಕಮ್ಸ್ ಟು', ಇವೆಲ್ಲ ಆದಮೇಲೂ 'ಇಂಗ್' ರೂಪವೇ ಬರಬೇಕು. 'ಇಟ್ಸ್ ಹೈ ಟೈಮ್' ಇನ್ನೂ ವಿಚಿತ್ರ. ಈಗ ಮಾಡಬೇಕಾದ ಕೆಲಸದ ಬಗ್ಗೆ ಹೇಳುತ್ತಿದ್ದರೂ ಅದಾದಮೇಲೆ ಭೂತಕಾಲ ಬರುತ್ತದೆ: 'ಇಟ್ಸ್ ಹೈ ಟೈಮ್ ವಿ ಚೇಂಜ್ಡ್ ದ ಲಾ'. ಭಾಗ 4ರಲ್ಲಿ ಪರೀಕ್ಷಿಸುವುದು ಇಂಥವನ್ನೇ. ಹಾಗಾಗಿ ನೋಟಿನಲ್ಲಿ ಈ ಬಾಲವನ್ನು ಬೇರೆ ಬಣ್ಣದಲ್ಲಿ ಬರೆದರೂ ತಪ್ಪಿಲ್ಲ.

ಎರಡನೆಯದು, ಯಾವ ಬಗೆಯ ಸುದ್ದಿಗೆ ಅದು ಒಗ್ಗುತ್ತದೆ. ಜಾನ್ ಸಿಂಕ್ಲೇರ್ ಎಂಬ ಭಾಷಾತಜ್ಞರು ಕಂಪ್ಯೂಟರಿನಲ್ಲಿ ಕೂಡಿಸಿಟ್ಟ ದೊಡ್ಡ ಪಠ್ಯರಾಶಿಯಲ್ಲಿ 'ಸೆಟ್ ಇನ್' (ಶುರುವಾಗಿ ಬೇರೂರುವುದು) ಎಂಬ ಫ್ರೇಸಲ್ ವರ್ಬ್ ಹುಡುಕಿದರು. ಅದರ ಜೊತೆ ಬಂದದ್ದು ಬಹುಪಾಲು ಕೆಟ್ಟ ಸಂಗತಿಗಳೇ: ಕೊಳೆತ, ಹತಾಶೆ, ಸೋಂಕು. 'ಸೆಟ್', 'ಇನ್' ಎಂಬ ಪದಗಳಲ್ಲಿ 'ಕೆಟ್ಟದ್ದು' ಅನ್ನುವ ಅರ್ಥ ಇಲ್ಲ, ಆದರೆ ಬಳಕೆಯಲ್ಲಿ ಅದು ಇತ್ತು. 'ಹ್ಯಾಪಿನೆಸ್ ಸೆಟ್ ಇನ್' ಅಂತ ಬರೆದರೆ ವ್ಯಾಕರಣ ಸರಿ, ಓದುವವರಿಗೆ ಮಾತ್ರ ಮುಜುಗರ. 'ಆನ್ ದ ವರ್ಜ್ ಆಫ್' ಕೂಡ ಹೆಚ್ಚಾಗಿ ಕುಸಿತ, ಕಣ್ಣೀರು, ದಿವಾಳಿಗಳ ಜೊತೆ ಓಡಾಡುವ ನುಡಿಗಟ್ಟು. ಒಂದೇ ಉದಾಹರಣೆ ನೋಡಿದರೆ ಇದು ತಿಳಿಯುವುದಿಲ್ಲ. ನಾಲ್ಕೈದಾದರೂ ನೋಡಬೇಕು.

ಮೂರನೆಯದು, ಯಾರು ಯಾರಿಗೆ ಹೇಳುವ ಮಾತು. ಇದಕ್ಕೆ ಮುಂದೆ ಬೇರೆ ಪ್ರಶ್ನೆಯೇ ಇದೆ.

ವಿಷಯವಾರು ಜೋಡಿಸಬೇಕಾ, ಅಕ್ಷರವಾರು ಜೋಡಿಸಬೇಕಾ ಅಂತಲೂ ಕೇಳುತ್ತಾರೆ. ಎರಡೂ ಬೇಡ. ಏನು ಕೆಲಸ ಮಾಡುತ್ತದೆ ಅನ್ನುವುದರ ಮೇಲೆ ಜೋಡಿಸಿ: ಅರ್ಧ ಒಪ್ಪುವುದಕ್ಕೆ, ಕಾರಣ ಹೇಳುವುದಕ್ಕೆ, ಹೋಲಿಸುವುದಕ್ಕೆ, ಶಿಫಾರಸು ಮಾಡುವುದಕ್ಕೆ, ಅನುಮಾನ ತೋರಿಸುವುದಕ್ಕೆ. ಪ್ರಬಂಧ ಬರೆಯುವಾಗ ನಿಮಗೆ ಬೇಕಾಗುವುದು 'ಪರಿಸರದ ಬಗ್ಗೆ ಒಂದು ಫ್ರೇಸ್' ಅಲ್ಲ. 'ಈ ಮಾತನ್ನು ಪೂರ್ತಿ ಒಪ್ಪಲಾರೆ ಅಂತ ಮರ್ಯಾದೆಯಿಂದ ಹೇಳುವ' ಒಂದು ಫ್ರೇಸ್.

ಬರೆದುಕೊಂಡದ್ದು ಎರಡು ದಿನದಲ್ಲಿ ಮರೆತುಹೋಗುತ್ತದೆ. ಏನು ಮಾಡಲಿ?

ಮರೆಯುವುದು ಸಹಜ. 1885ರಲ್ಲೇ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು, ಕಲಿತದ್ದು ಮೊದಲಿಗೆ ಬೇಗ ಬೇಗ, ಆಮೇಲೆ ನಿಧಾನವಾಗಿ ಜಾರಿಹೋಗುತ್ತದೆ ಅಂತ ತೋರಿಸಿದ್ದರು. ಪರಿಹಾರವೂ ಅಲ್ಲೇ ಇದೆ: ಒಂದೇ ದಿನ ಹತ್ತು ಸಲ ಓದುವ ಬದಲು, ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ನೆನಪಿಸಿಕೊಳ್ಳುವುದು. ಆಂಕಿ ತರಹದ ಆ್ಯಪ್‌ಗಳು ಈ ಲೆಕ್ಕವನ್ನು ತಾವೇ ಇಟ್ಟುಕೊಳ್ಳುತ್ತವೆ. ಕಾಗದದ ಕಾರ್ಡುಗಳಾದರೂ ನಡೆಯುತ್ತದೆ.

ಕಾರ್ಡ್ ಮಾಡುವಾಗ ಒಂದು ಉಪಾಯ. ಮುಂದೆ ಇಂಗ್ಲಿಷ್, ಹಿಂದೆ ಅರ್ಥ, ಹೀಗೆ ಮಾಡಬೇಡಿ. ಅದು ಗುರುತಿಸುವ ಅಭ್ಯಾಸ ಮಾತ್ರ. ಮುಂದೆ ವಾಕ್ಯ ಬರೆದು ನುಡಿಗಟ್ಟಿನ ಚಿಕ್ಕ ಪದಗಳನ್ನು ಬಿಟ್ಟುಬಿಡಿ: 'ದ ನ್ಯೂಸ್ ಕೇಮ್ ______ ______ ಶಾಕ್ ______ ಅಸ್'. ದೊಡ್ಡ ಪದ ಎಲ್ಲರಿಗೂ ನೆನಪಿರುತ್ತದೆ. ಪರೀಕ್ಷೆಯಲ್ಲಿ ಅಂಕ ಹೋಗುವುದು 'ಆ್ಯಸ್', 'ಎ', 'ಟು' ಇಂಥವುಗಳಲ್ಲಿ.

ಕಾರ್ಡು ಮಾತ್ರ ಸಾಕಾಗುವುದಿಲ್ಲ. ಆ ವಾರ ಕಲಿತದ್ದರಲ್ಲಿ ಎರಡನ್ನಾದರೂ ಬಳಸಿ ಒಂದು ಪ್ಯಾರಾ ಬರೆಯಿರಿ, ಅಥವಾ ಫೋನಿನಲ್ಲಿ ಒಂದು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ. ಕೇಳಿಸಿಕೊಂಡರೆ ಯಾವುದು ತುರುಕಿದ್ದು, ಯಾವುದು ತಾನಾಗಿ ಬಂದದ್ದು ಅಂತ ನಿಮಗೇ ಗೊತ್ತಾಗುತ್ತದೆ.

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತಿರುಗಿಸುವುದು ತಪ್ಪಾ?

ಯೋಚನೆ ಯಾವ ಭಾಷೆಯಲ್ಲಾದರೂ ಇರಲಿ. ಪದಕ್ಕೆ ಪದ ತಿರುಗಿಸಿದಾಗ ಮಾತ್ರ ಎಡವಟ್ಟು. 'ನನ್ನ ಪ್ರಕಾರ' ಅನ್ನುವುದು 'ಅಕಾರ್ಡಿಂಗ್ ಟು ಮಿ' ಆಗಿಬಿಡುತ್ತದೆ. ಇಂಗ್ಲಿಷಿನಲ್ಲಿ 'ಅಕಾರ್ಡಿಂಗ್ ಟು' ಬೇರೆಯವರ ಮಾತಿಗೆ; ನಿಮ್ಮದಕ್ಕೆ 'ಇನ್ ಮೈ ವ್ಯೂ', 'ಆ್ಯಸ್ ಐ ಸೀ ಇಟ್'. 'ಇದರ ಬಗ್ಗೆ ಚರ್ಚಿಸೋಣ' ಅನ್ನುವುದು 'ಡಿಸ್ಕಸ್ ಅಬೌಟ್' ಆಗುತ್ತದೆ. 'ಡಿಸ್ಕಸ್' ಆದಮೇಲೆ 'ಅಬೌಟ್' ಬೇಡವೇ ಬೇಡ. 'ಕೋಪ್ ಅಪ್ ವಿತ್' ಕೂಡ ನಮ್ಮಲ್ಲಿ ಸಿಕ್ಕಾಪಟ್ಟೆ ಕೇಳಿಬರುವ ತಪ್ಪು. ಅದು ಬರೀ 'ಕೋಪ್ ವಿತ್'. ಇವು ನಮ್ಮ ನಡುವೆ ಎಷ್ಟು ಓಡಾಡುತ್ತವೆ ಎಂದರೆ ತಪ್ಪು ಅಂತ ಅನಿಸುವುದೇ ಇಲ್ಲ. ಅದಕ್ಕೇ ಹೊಸ ನುಡಿಗಟ್ಟು ಕಲಿಯುವ ಮೊದಲು ಹಳೆಯ ಇಂಥ ಹತ್ತನ್ನು ಸರಿ ಮಾಡಿಕೊಂಡರೆ ಲಾಭ ಜಾಸ್ತಿ.

ಅಂದ ಹಾಗೆ, ಈಗ ಸಿ2 ಪ್ರೊಫಿಷಿಯೆನ್ಸಿ ಅನ್ನಿಸಿಕೊಳ್ಳುವ ಪರೀಕ್ಷೆ 1913ರಲ್ಲಿ ಮೊದಲ ಸಲ ನಡೆದಾಗ ಅನುವಾದದ ಪೇಪರ್ ಕೂಡ ಇತ್ತು. ಬರೆದವರು 3 ಜನ. ಒಬ್ಬರೂ ಪಾಸಾಗಲಿಲ್ಲ. ಈಗ ಅನುವಾದ ಇಲ್ಲ, ಅಷ್ಟರಮಟ್ಟಿಗೆ ನಿಮ್ಮ ಅದೃಷ್ಟ.

ಪ್ರಬಂಧಕ್ಕೂ ಮಾತಿಗೂ ಒಂದೇ ನುಡಿಗಟ್ಟು ನಡೆಯುತ್ತದಾ?

ಕೆಲವು ನಡೆಯುತ್ತವೆ, ಹೆಚ್ಚಿನವು ಇಲ್ಲ. 'ಆನ್ ದ ಹೋಲ್', 'ಟು ಸಮ್ ಎಕ್ಸ್‌ಟೆಂಟ್' ಎಲ್ಲಿ ಹಾಕಿದರೂ ಹೊಂದಿಕೊಳ್ಳುತ್ತವೆ. 'ಅಟ್ ದ ಎಂಡ್ ಆಫ್ ದ ಡೇ' ಮಾತಿನಲ್ಲಿ ಸೊಗಸು, ಪ್ರಬಂಧದಲ್ಲಿ ಅಗ್ಗ. 'ನಾಟ್‌ವಿತ್‌ಸ್ಟ್ಯಾಂಡಿಂಗ್' ಬರವಣಿಗೆಯಲ್ಲಿ ಸರಿ, ಬಾಯಲ್ಲಿ ಬಂದರೆ ಕೋರ್ಟಿನಲ್ಲಿ ನಿಂತ ಹಾಗೆ.

ಸಿ1 ರೈಟಿಂಗ್‌ನಲ್ಲಿ ಇದು ತುಂಬಾ ಮುಖ್ಯ. 90 ನಿಮಿಷದಲ್ಲಿ ಎರಡು ಬರಹ, ಒಂದೊಂದು 220ರಿಂದ 260 ಪದ. ಮೊದಲನೆಯದು ಪ್ರಬಂಧ, ಅದು ಕಡ್ಡಾಯ. ಎರಡನೆಯದು ಪತ್ರ ಅಥವಾ ಇಮೇಲ್, ರಿಪೋರ್ಟ್, ಪ್ರೊಪೋಸಲ್, ರಿವ್ಯೂ ಇವುಗಳಲ್ಲಿ ಒಂದು. ಅಂಕ ಕೊಡುವ ನಾಲ್ಕು ಅಳತೆಗಳಲ್ಲಿ 'ಕಮ್ಯುನಿಕೇಟಿವ್ ಅಚೀವ್‌ಮೆಂಟ್' ಒಂದು. ಓದುವವರು ಯಾರು, ಅವರಿಗೆ ಈ ಧಾಟಿ ಒಪ್ಪುತ್ತದಾ ಅಂತ ಅಲ್ಲಿ ನೋಡುತ್ತಾರೆ. ಗೆಳೆಯರಿಗೆ ಬರೆದ ಪತ್ರದಲ್ಲಿ 'ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್' ಅಂತ ಬರೆದರೆ ಇಂಗ್ಲಿಷ್ ಎಷ್ಟೇ ಚೆನ್ನಾಗಿರಲಿ, ಧಾಟಿ ಕೆಟ್ಟಿತು. ಅಲ್ಲಿ 'ಡು ಲೆಟ್ ಮಿ ನೋ', 'ಐ ವಾಸ್ ಓವರ್ ದ ಮೂನ್ ಟು ಹಿಯರ್' ಇವಕ್ಕೆ ಜಾಗ. ಪ್ರೊಪೋಸಲ್‌ನಲ್ಲಿ 'ದ ಏಮ್ ಆಫ್ ದಿಸ್ ಪ್ರೊಪೋಸಲ್ ಈಸ್ ಟು' ಎಂಬ ಸಪ್ಪೆ ಸಾಲು ಕೂಡ ಸರಿಯಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ನಿಜವಾದ ಪ್ರೊಪೋಸಲ್‌ಗಳು ಹಾಗೇ ಶುರುವಾಗುತ್ತವೆ.

ಸ್ಪೀಕಿಂಗ್‌ನಲ್ಲಿ ಈಡಿಯಮ್ ಹಾಕಿದರೆ ಅಂಕ ಜಾಸ್ತಿಯಾ?

ಸಹಜವಾಗಿ ಬಂದರೆ ಹೌದು. ಹಾಕಬೇಕು ಅಂತ ಹಾಕಿದರೆ ಇಲ್ಲ.

ಮಾತಿನಲ್ಲಿ ನಿಜಕ್ಕೂ ಬೇಕಾಗುವುದು ಬೇರೆ ಬಗೆಯವು. ಯೋಚಿಸಲು ಎರಡು ಕ್ಷಣ ಕೊಡುವಂಥವು: 'ಆಫ್ ದ ಟಾಪ್ ಆಫ್ ಮೈ ಹೆಡ್', 'ಕಮ್ ಟು ಥಿಂಕ್ ಆಫ್ ಇಟ್', 'ಇಟ್ ಡಿಪೆಂಡ್ಸ್ ವಾಟ್ ಯು ಮೀನ್ ಬೈ'. ಪ್ರತಿ ಪ್ರಶ್ನೆಗೂ 'ದಟ್ಸ್ ಎ ವೆರಿ ಇಂಟರೆಸ್ಟಿಂಗ್ ಕ್ವೆಶ್ಚನ್' ಅನ್ನಬೇಡಿ. ನಿಮ್ಮ ಹೆಸರೇನು ಅಂತ ಕೇಳಿದರೂ ಹಾಗೇ ಅನ್ನುವವರಿದ್ದಾರೇನೋ!

ಕೇಂಬ್ರಿಜ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಇನ್ನೊಬ್ಬ ಅಭ್ಯರ್ಥಿ ಪಕ್ಕದಲ್ಲಿ ಇರುತ್ತಾರೆ. ಅವರ ಜೊತೆ ಹೇಗೆ ಮಾತು ಬೆಳೆಸುತ್ತೀರಿ ಅನ್ನುವುದಕ್ಕೇ ಒಂದು ಅಳತೆ ಇದೆ. 'ಗೋಯಿಂಗ್ ಬ್ಯಾಕ್ ಟು ವಾಟ್ ಯು ಸೆಡ್ ಅಬೌಟ್', 'ಐ ಸೀ ವೇರ್ ಯು ಆರ್ ಕಮಿಂಗ್ ಫ್ರಮ್, ಬಟ್', 'ವಾಟ್ಸ್ ಯುವರ್ ಟೇಕ್ ಆನ್ ದಿಸ್', ಈ ಮೂರು ಇದ್ದರೆ ಒಂದು ಚರ್ಚೆ ದಾಟಬಹುದು. ಆದರೆ 'ನೀವು ಹೇಳಿದ ಮಾತಿಗೆ ಬಂದರೆ' ಅಂದಮೇಲೆ ನಿಜವಾಗಿಯೂ ಅವರು ಹೇಳಿದ್ದಕ್ಕೆ ಬರಬೇಕು. ನುಡಿಗಟ್ಟು ಹೇಳಿ ತಮ್ಮದೇ ದಾರಿ ಹಿಡಿಯುವವರು ಬಹಳ. ಪರೀಕ್ಷಕರಿಗೆ ಅದು ಕಾಣುತ್ತದೆ.

ಐಇಎಲ್‌ಟಿಎಸ್‌ನ ಎರಡನೆಯ ಭಾಗದಲ್ಲಿ 1 ನಿಮಿಷ ತಯಾರಿ, ಆಮೇಲೆ 1ರಿಂದ 2 ನಿಮಿಷ ಒಬ್ಬರೇ ಮಾತಾಡುವುದು. ಆ ಒಂದು ನಿಮಿಷದಲ್ಲಿ ಫ್ರೇಸ್ ಬರೆದುಕೊಳ್ಳಬೇಡಿ, ವಿಷಯ ಬರೆದುಕೊಳ್ಳಿ.

ನುಡಿಗಟ್ಟನ್ನು ಸ್ವಲ್ಪ ಬದಲಿಸಿ ಬಳಸಬಹುದಾ?

ಯಾವುದು ಎಂಬುದರ ಮೇಲೆ. 'ಫ್ಯೂ ಆ್ಯಂಡ್ ಫಾರ್ ಬಿಟ್ವೀನ್' ಕಲ್ಲಿನಂತೆ ಗಟ್ಟಿ, ಒಂದಕ್ಷರವೂ ಅಲ್ಲಾಡುವುದಿಲ್ಲ. 'ಟು ಎ ಸರ್ಟನ್ ಎಕ್ಸ್‌ಟೆಂಟ್' ಹಾಗಲ್ಲ. ಮಧ್ಯದ ಪದ ತೆಗೆದು 'ಲಾರ್ಜ್', 'ಲಿಮಿಟೆಡ್', 'ಲೆಸ್ಸರ್' ಹಾಕಬಹುದು. 'ಇನ್ ಲೈಟ್ ಆಫ್', 'ಇನ್ ದ ಲೈಟ್ ಆಫ್' ಎರಡೂ ಇವೆ. ಬರೆದುಕೊಳ್ಳುವಾಗಲೇ ಯಾವ ಪದ ಬದಲಾಗುತ್ತದೆ ಅಂತ ಕೆಳಗೆ ಗೆರೆ ಎಳೆದಿಡಿ.

ಬ್ರಿಟಿಷ್ ಬಳಕೆ ಕಲಿಯಬೇಕಾ, ಅಮೆರಿಕನ್ನಾ?

ಯಾವುದಾದರೂ ಸರಿ, ಬೆರೆಸಬೇಡಿ.

ಪದಸಂಖ್ಯೆ ತುಂಬಿಸಲು ಉದ್ದದ ಫ್ರೇಸ್ ಸಹಾಯ ಆಗುತ್ತಲ್ವಾ?

ಆಗುತ್ತದೆ, ಬರಹ ಸೊರಗುತ್ತದೆ. 'ಡ್ಯೂ ಟು ದ ಫ್ಯಾಕ್ಟ್ ದಟ್' ಅಂದರೆ 'ಬಿಕಾಸ್'. ಐದು ಪದ ಸಿಕ್ಕಿತು, ಅರ್ಥ ಒಂದಿಷ್ಟೂ ಬೆಳೆಯಲಿಲ್ಲ. ಐಇಎಲ್‌ಟಿಎಸ್ ರೈಟಿಂಗ್‌ನ ಟಾಸ್ಕ್ 2ಕ್ಕೆ, ಅಂದರೆ ಪ್ರಬಂಧಕ್ಕೆ, ಕನಿಷ್ಠ 250 ಪದ. ಅಷ್ಟು ತುಂಬುತ್ತಿಲ್ಲ ಅಂದರೆ ಕೊರತೆ ಇರುವುದು ಉದಾಹರಣೆಯಲ್ಲಿ, ನುಡಿಗಟ್ಟಿನಲ್ಲಲ್ಲ.

ಒಳ್ಳೆಯ ನುಡಿಗಟ್ಟುಗಳು ಎಲ್ಲಿ ಸಿಗುತ್ತವೆ?

ನೀವು ಈಗಾಗಲೇ ಓದುತ್ತಿರುವುದರಲ್ಲೇ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ, ಅಂಕ ಎಣಿಸಿ, ಮುಚ್ಚಿಡುತ್ತೇವೆ. ನಿಜವಾದ ಗಣಿ ಅಲ್ಲೇ ಇದೆ. ರೀಡಿಂಗ್ ಭಾಗದ ಪಠ್ಯವನ್ನು ಮತ್ತೊಮ್ಮೆ, ಪ್ರಶ್ನೆ ಮರೆತು, ನುಡಿಗಟ್ಟಿಗೋಸ್ಕರ ಓದಿ. ಲಿಸನಿಂಗ್‌ನ ಬರಹರೂಪ ಸಿಕ್ಕರೆ ಇನ್ನೂ ಒಳ್ಳೆಯದು, ಮಾತಿನ ಧಾಟಿ ಅಲ್ಲಿ ಸಿಗುತ್ತದೆ. ಭಾಗ 1 ಮತ್ತು 4ರ ಉತ್ತರಗಳನ್ನಂತೂ ಪೂರ್ತಿ ವಾಕ್ಯವಾಗಿಯೇ ನೋಟಿಗೆ ಇಳಿಸಿ. ಭಾಗ 1ರಲ್ಲಿ ತಪ್ಪಾದ ಆ ಮೂರು ಆಯ್ಕೆಗಳು ಯಾವ ಪದದ ಜೊತೆ ಹೋಗುತ್ತವೆ ಅಂತಲೂ ಹುಡುಕಿದರೆ ಒಂದು ಪ್ರಶ್ನೆಗೆ ನಾಲ್ಕು ಪಾಠ.

ಅನುಮಾನ ಬಂದಾಗ ನೋಡಲು ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ಡಿಕ್ಷನರಿಗಳು ಆನ್‌ಲೈನಿನಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಉದಾಹರಣೆ ವಾಕ್ಯಗಳಲ್ಲಿ ದಪ್ಪ ಅಕ್ಷರದಲ್ಲಿ ಇರುವುದನ್ನು ಬಿಡಬೇಡಿ, ಜೋಡಿ ಅಲ್ಲೇ ಇರುತ್ತದೆ. ಇನ್ನೂ ಆಳಕ್ಕೆ ಹೋಗುವ ಆಸೆ ಇದ್ದರೆ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಇದೆ. ಸುಮಾರು 10 ಕೋಟಿ ಪದಗಳ ಪಠ್ಯರಾಶಿ. ಎರಡು ರೂಪಗಳಲ್ಲಿ ಯಾವುದು ಸರಿ ಅಂತ ಗೊಂದಲವಾದರೆ ಎರಡನ್ನೂ ಹುಡುಕಿ, ಎಷ್ಟೆಷ್ಟು ಸಲ ಬಂದಿದೆ ಅಂತ ನೋಡಿದರೆ ವಾದವೇ ಮುಗಿಯಿತು. ಔಪಚಾರಿಕ ಬರವಣಿಗೆಗೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ 'ಅಕಾಡೆಮಿಕ್ ಫ್ರೇಸ್‌ಬ್ಯಾಂಕ್' ಚೆನ್ನಾಗಿದೆ. ಅದೂ ಕೆಲಸದ ಪ್ರಕಾರವೇ ಜೋಡಿಸಿದ್ದು. ಆದರೆ ಅದು ಸಂಶೋಧನಾ ಬರಹಕ್ಕೆ ಮಾಡಿದ್ದು, ಸಿ1 ರಿವ್ಯೂಗೆ ಅದರಿಂದ ಎತ್ತಿದರೆ ಭಾರವಾಗುತ್ತದೆ.

ನುಡಿಗಟ್ಟು ತಪ್ಪಾಗಿ ಬಳಸಿದರೆ ಅಂಕ ಕಳೆಯುತ್ತಾರಾ?

ತಪ್ಪಿಗೆ ಇಷ್ಟು ಅಂತ ಲೆಕ್ಕ ಹಾಕಿ ಕಳೆಯುವುದಿಲ್ಲ. ಬರಹವನ್ನು ಒಟ್ಟಾಗಿ ಓದಿ ಮಟ್ಟ ನಿರ್ಧರಿಸುತ್ತಾರೆ. ಕಷ್ಟದ್ದನ್ನು ಪ್ರಯತ್ನಿಸಿ ಅಲ್ಲೊಂದು ಇಲ್ಲೊಂದು ಜಾರಿದರೆ ಚಿಂತೆಯಿಲ್ಲ, ಬ್ಯಾಂಡ್ 7ರ ವಿವರಣೆಯೇ ಅದಕ್ಕೆ ಜಾಗ ಕೊಡುತ್ತದೆ. ಯೂಸ್ ಆಫ್ ಇಂಗ್ಲಿಷ್ ಭಾಗಗಳಲ್ಲಿ ಮಾತ್ರ ಸ್ಪೆಲಿಂಗ್ ಕೂಡ ಸರಿ ಇರಬೇಕು, ಅಲ್ಲಿ ರಿಯಾಯಿತಿ ಇಲ್ಲ.

ಪರೀಕ್ಷೆಗೆ ಒಂದು ತಿಂಗಳಷ್ಟೇ ಇದೆ. ಈಗ ಶುರು ಮಾಡಿದರೆ ಪ್ರಯೋಜನ ಇದೆಯಾ?

ಇದೆ, ಆಸೆ ಚಿಕ್ಕದಿಟ್ಟುಕೊಂಡರೆ. ಮೊದಲು ನಿಮ್ಮದೇ ಹಳೆಯ ಎರಡು ಮೂರು ಪ್ರಬಂಧ ತೆಗೆದು ನೋಡಿ. ಎಲ್ಲೆಲ್ಲಿ 'ವೆರಿ ಇಂಪಾರ್ಟೆಂಟ್', 'ಬಿಗ್ ಪ್ರಾಬ್ಲಮ್', 'ಐ ಥಿಂಕ್' ಮತ್ತೆ ಮತ್ತೆ ಬಂದಿದೆಯೋ ಅಲ್ಲಿಗೆ ಮಾತ್ರ ಬದಲಿ ಹುಡುಕಿ: 'ಪ್ಲೇ ಎ ಪಿವಟಲ್ ರೋಲ್ ಇನ್', 'ಎ ಪ್ರೆಸ್ಸಿಂಗ್ ಇಶ್ಯೂ', 'ಐ ವುಡ್ ಆರ್ಗ್ಯೂ ದಟ್'. ನಿಮಗೆ ನಿಜವಾಗಿ ಬೇಕಾದ ಜಾಗಕ್ಕೇ ಬಂದ ನುಡಿಗಟ್ಟು ಬೇಗ ಉಳಿಯುತ್ತದೆ. ಕೇಂಬ್ರಿಜ್ ಬರೆಯುವವರು ದಿನಕ್ಕೊಂದು ಭಾಗ 4 ಬಿಡಿಸಿ. ಕೊನೆಯ ವಾರ ಹೊಸದೇನೂ ಬೇಡ.

ಭಾಗ 4ರಲ್ಲಿ 'ಡೋಂಟ್', 'ಐ ಆ್ಯಮ್' ಇವುಗಳ ಚಿಕ್ಕ ರೂಪ ಬರೆದರೆ ಎಷ್ಟು ಪದ?

ಬಿಡಿಸಿದರೆ ಎಷ್ಟೋ ಅಷ್ಟು. 'ಡೋಂಟ್' ಎರಡು ಪದ, 'ಐಮ್' ಎರಡು ಪದ. 'ಕಾಂಟ್' ಮಾತ್ರ ಒಂದು, ಯಾಕೆಂದರೆ ಅದರ ಪೂರ್ತಿ ರೂಪ 'ಕ್ಯಾನಾಟ್' ಒಂದೇ ಪದ. ಆರರ ಮಿತಿ ದಾಟಿದರೆ ಉತ್ತರ ಎಷ್ಟೇ ಚೆನ್ನಾಗಿದ್ದರೂ ಲೆಕ್ಕಕ್ಕಿಲ್ಲ, ಹಾಗಾಗಿ ಬರೆದ ಮೇಲೆ ಬೆರಳು ಮಡಿಸಿ ಎಣಿಸಿ.